ಜರ್ಕು ಹೊಡೆಯದ ಲಿಫ್ಟು

ಪಿ.ಯು.ಸಿ. ಭೌತಶಾಸ್ತ್ರ ಓದಿದ ಮಕ್ಕಳೆಲ್ಲ ಒಂದು ಲೆಕ್ಕವನ್ನು ಮಾಡಿಯೇ ಇರುತ್ತಾರೆ. ಲಿಫ್ಟಿನೊಳಗೆ ತೂಕದ ಯಂತ್ರದ ಮೇಲೆ ಒಬ್ಬ ಮನುಷ್ಯ ನಿಂತಿದ್ದಾನೆ. ಲಿಫ್ಟು ಮೇಲಕ್ಕೆ ಹೊರಟಾಗ ಯಂತ್ರ ಎಷ್ಟು ತೋರಿಸುತ್ತದೆ? ಕೆಳಕ್ಕೆ ಹೊರಟಾಗ ಎಷ್ಟು? ಒಂದೇ ವೇಗದಲ್ಲಿ ಸಾಗುವಾಗ ಎಷ್ಟು? 60 ಕೆ.ಜಿ. ತೂಕದವನು ನಿಂತಿದ್ದು, ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ ಅರ್ಧ ಮೀಟರ್ ಇದ್ದರೆ, ಮೇಲಕ್ಕೆ ಹೊರಡುವಾಗ ಯಂತ್ರ ಸುಮಾರು 63 ಕೆ.ಜಿ. ತೋರಿಸುತ್ತದೆ, ಕೆಳಕ್ಕೆ ಹೊರಡುವಾಗ 57. ನಡುದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಮತ್ತೆ 60. ಉತ್ತರ ಬರೆದು, ಅಂಕ ಪಡೆದು, ಎಲ್ಲರೂ ಅದನ್ನು ಮರೆಯುತ್ತಾರೆ.

ಆದರೆ ಲಿಫ್ಟು ಮಾಡುವವನಿಗೆ ಇದು ಹೊಟ್ಟೆಪಾಡಿನ ಲೆಕ್ಕ. ವೇಗ ಎಷ್ಟೇ ಇರಲಿ, ಅದು ಬದಲಾಗದಿದ್ದರೆ ನಮ್ಮ ಮೈಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ವೇಗೋತ್ಕರ್ಷ. ಅದಕ್ಕಿಂತ ಹೆಚ್ಚಾಗಿ ಕಾಡುವುದು ಆ ವೇಗೋತ್ಕರ್ಷ ಥಟ್ಟನೆ ಬದಲಾಗುವುದು. ಬಸ್ಸಿನಲ್ಲಿ ನಿಂತವರಿಗೆ ಇದರ ಅನುಭವ ಚೆನ್ನಾಗಿದೆ. ನುರಿತ ಡ್ರೈವರು ಬ್ರೇಕನ್ನು ಮೆಲ್ಲಗೆ ಒತ್ತಿ, ಬಸ್ಸು ನಿಲ್ಲುವ ಕೊನೆಯ ಗಳಿಗೆಯಲ್ಲಿ ಕಾಲನ್ನು ಕೊಂಚ ಸಡಿಲಿಸುತ್ತಾನೆ. ಹೊಸಬ ಒಂದೇ ಸಲ ಒತ್ತುತ್ತಾನೆ, ನಿಂತವರು ಮುಂದಿನವರ ಬೆನ್ನಿಗೆ ಬೀಳುತ್ತಾರೆ. ಇಬ್ಬರೂ ಬಸ್ಸನ್ನು ನಿಲ್ಲಿಸುವುದು ಅದೇ ಸ್ಟಾಪಿನಲ್ಲೇ. ನಾವು ಜರ್ಕು ಎನ್ನುವುದು ಈ ವ್ಯತ್ಯಾಸವನ್ನು. ಭೌತಶಾಸ್ತ್ರದಲ್ಲೂ ಅದಕ್ಕೆ ಅದೇ ಹೆಸರು: ವೇಗೋತ್ಕರ್ಷ ಬದಲಾಗುವ ದರ.

ಹಳೆಯ ಲಿಫ್ಟುಗಳು ಹೊಸಬ ಡ್ರೈವರಿನ ಜಾತಿಯವು. ಹೊರಡುವಾಗ ಒಂದು ಕುಲುಕು, ಮಹಡಿ ಹತ್ತಿರ ಬಂದಾಗ ಇನ್ನೊಂದು, ನಿಲ್ಲುವಾಗ ದಡಕ್ಕನೆ ಮತ್ತೊಂದು. ನಿಂತ ಮೇಲೂ ಲಿಫ್ಟಿನ ನೆಲ ಮತ್ತು ಮಹಡಿಯ ನೆಲ ಸಮನಾಗಿರುವುದಿಲ್ಲ. ಎರಡು ಬೆರಳೋ ಮೂರು ಬೆರಳೋ ಮೇಲೆ ಕೆಳಗೆ. ಎಳೆಯರು ಅದನ್ನು ದಾಟಿ ಓಡುತ್ತಾರೆ. ಕಣ್ಣು ಮಂಜಾದ ಅಜ್ಜಿ ಎಡವುತ್ತಾರೆ, ಗಾಲಿಕುರ್ಚಿಯ ಮುಂದಿನ ಚಕ್ರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಪ್ಪತ್ತು ಮೂವತ್ತು ವರ್ಷ ಹಳೆಯ ಕಟ್ಟಡಗಳ ನಿವಾಸಿಗಳ ಸಂಘಗಳಲ್ಲಿ ಈಗ ಇದೇ ಚರ್ಚೆ. ಲಿಫ್ಟು ಕಂಪನಿಯವರು ಬಂದು, 'ಇಡೀ ಲಿಫ್ಟು ಬದಲಾಯಿಸಬೇಕಿಲ್ಲ, ಒಂದು ವಿ.ಎಫ್.ಡಿ. ಹಾಕಿಸಿ ಸಾಕು' ಎನ್ನುತ್ತಾರೆ. ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್ ಎಂಬುದರ ಚಿಕ್ಕ ಹೆಸರು ಅದು. ಮೆಕ್ಯಾನಿಕ್‌ಗಳ ಬಾಯಲ್ಲಿ ಬರೀ ಡ್ರೈವ್, ಇಲ್ಲವೇ ವಿ-ತ್ರೀ-ಎಫ್. ಲಕ್ಷಗಳ ಮಾತು ಬಂದಾಗ ಸಂಘದ ಸದಸ್ಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಆ ಪೆಟ್ಟಿಗೆಯೊಳಗೆ ಏನಿದೆ ಎಂದು ತಿಳಿಯಲು ಹತ್ತನೆಯ ತರಗತಿಯ ವಿಜ್ಞಾನ ಮುಕ್ಕಾಲು ಪಾಲು ಸಾಕು.

ಮೊದಲು ಮೋಟಾರು. ಲಿಫ್ಟಿನ ಮೆಷಿನ್ ರೂಮಿನಲ್ಲಿರುವುದು ಸಾಮಾನ್ಯವಾಗಿ ಮೂರು ಫೇಸಿನ ಇಂಡಕ್ಷನ್ ಮೋಟಾರು. ಅದರ ಹೊರಗಿನ ನಿಶ್ಚಲ ಭಾಗದಲ್ಲಿ ಮೂರು ಸುರುಳಿಗಳ ಗುಂಪುಗಳಿವೆ. ಮೂರು ಫೇಸುಗಳ ವಿದ್ಯುತ್ತು ಒಂದರ ಹಿಂದೆ ಒಂದು ಏರಿ ಇಳಿಯುವುದರಿಂದ, ಸುರುಳಿಗಳು ಅಲುಗದಿದ್ದರೂ ಅವು ಉಂಟುಮಾಡುವ ಕಾಂತಕ್ಷೇತ್ರ ಮಾತ್ರ ಗಿರಗಿರನೆ ಸುತ್ತುತ್ತದೆ. ಒಳಗಿನ ಲೋಹದ ಪಂಜರ ಆ ಕಾಂತಕ್ಷೇತ್ರದ ಹಿಂದೆ ಓಡುತ್ತದೆ. ಎಂದೂ ಪೂರ್ತಿ ಹಿಡಿಯಲಾರದು. ಹಿಡಿದುಬಿಟ್ಟರೆ ಪ್ರೇರಣೆಯೇ ಇಲ್ಲ, ಬಲವೂ ಇಲ್ಲ. 1880ರ ದಶಕದಲ್ಲಿ ನಿಕೊಲಾ ಟೆಸ್ಲಾ ಮತ್ತು ಇಟಲಿಯ ಗೆಲಿಲಿಯೊ ಫೆರಾರಿಸ್ ಬೇರೆ ಬೇರೆಯಾಗಿ ಕಂಡುಕೊಂಡ ತತ್ವ ಇದು. ಬ್ರಷ್ಷಿಲ್ಲ, ಕಿಡಿಯಿಲ್ಲ, ಸವೆಯುವ ಭಾಗ ಕಡಿಮೆ. ಕೂಲಿಯಾಳಿನಂಥ ಗಟ್ಟಿ ಮೋಟಾರು.

ಅದಕ್ಕಿರುವ ದೊಡ್ಡ ಕೊರತೆ ಒಂದೇ. ಕಾಂತಕ್ಷೇತ್ರ ಎಷ್ಟು ಬೇಗ ಸುತ್ತಬೇಕೆಂಬುದನ್ನು ನಿರ್ಧರಿಸುವುದು ವಿದ್ಯುತ್ತಿನ ಆವೃತ್ತಿ, ಅಂದರೆ ಫ್ರೀಕ್ವೆನ್ಸಿ. ನಮ್ಮ ದೇಶದಲ್ಲಿ ಅದು 50 ಹರ್ಟ್ಸ್. ಸೂತ್ರ ಸುಲಭ: 120ನ್ನು ಆವೃತ್ತಿಯಿಂದ ಗುಣಿಸಿ, ಧ್ರುವಗಳ ಸಂಖ್ಯೆಯಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಸಿಗುತ್ತದೆ. ನಾಲ್ಕು ಧ್ರುವಗಳ ಮೋಟಾರಿಗೆ 1500. ಪಂಜರ ಕೊಂಚ ಹಿಂದೆ ಬಿದ್ದು 1440ರ ಆಸುಪಾಸಿನಲ್ಲಿ ಸುತ್ತುತ್ತದೆ. ಮನೆಯ ನೀರಿನ ಪಂಪಿಗೆ ಇಷ್ಟು ಸಾಕು. ಲಿಫ್ಟಿಗೆ ಸಾಲದು. ಸೊನ್ನೆಯಿಂದ ಮೆಲ್ಲಗೆ ಏರಿ, ಮೆಲ್ಲಗೆ ಇಳಿದು, ಹೇಳಿದ ಜಾಗದಲ್ಲಿ ನಿಲ್ಲುವ ಮೋಟಾರು ಅದಕ್ಕೆ ಬೇಕು. ನೇರವಾಗಿ ಲೈನಿಗೆ ಹಚ್ಚಿದ ಮೋಟಾರೋ ಹೊರಡುವಾಗ ತನ್ನ ಪೂರ್ಣಭಾರದ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಹಳೆಯ ಕಟ್ಟಡಗಳಲ್ಲಿ ಲಿಫ್ಟು ಹೊರಟೊಡನೆ ಮೆಟ್ಟಿಲ ಬಳಿಯ ದೀಪ ಒಮ್ಮೆ ಮಂಕಾಗುವುದು ಇದರಿಂದಲೇ.

ಹಿಂದಿನವರು ಇದಕ್ಕೆ ಉಪಾಯ ಹುಡುಕದೆ ಕುಳಿತಿರಲಿಲ್ಲ. 1891ರಲ್ಲಿ ಅಮೆರಿಕದ ಹ್ಯಾರಿ ವಾರ್ಡ್ ಲಿಯೊನಾರ್ಡ್ ಒಂದು ವ್ಯವಸ್ಥೆ ಮಾಡಿದ. ಒಂದು ಮೋಟಾರು ಜನರೇಟರನ್ನು ತಿರುಗಿಸುವುದು, ಆ ಜನರೇಟರಿನ ನೇರ ವಿದ್ಯುತ್ತು ಲಿಫ್ಟಿನ ಡಿ.ಸಿ. ಮೋಟಾರನ್ನು ನಡೆಸುವುದು. ಬೆಣ್ಣೆಯಂಥ ಓಟ. ದೊಡ್ಡ ಹೋಟೆಲುಗಳ, ಎತ್ತರದ ಕಟ್ಟಡಗಳ ಲಿಫ್ಟುಗಳು ದಶಕಗಳ ಕಾಲ ಹೀಗೇ ನಡೆದವು. ಆದರೆ ಒಂದರ ಕೆಲಸಕ್ಕೆ ಮೂರು ಯಂತ್ರ, ಬ್ರಷ್ಷಿನ ಸವೆತ, ಕರೆಂಟಿನ ಖರ್ಚು. ಸಾಮಾನ್ಯ ಕಟ್ಟಡಕ್ಕೆ ಇದು ಎಟುಕುವಂಥದ್ದಲ್ಲ.

ಬಡವರ ಉಪಾಯ ಬೇರೆ. ಒಂದೇ ಮೋಟಾರಿನಲ್ಲಿ ಎರಡು ಸುತ್ತುವಿಕೆ: ಒಂದು ನಾಲ್ಕು ಧ್ರುವದ್ದು, ಇನ್ನೊಂದು ಹದಿನಾರು ಧ್ರುವದ್ದು. ಮೊದಲನೆಯದರಲ್ಲಿ 1500, ಎರಡನೆಯದರಲ್ಲಿ 375. ಮಹಡಿ ಹತ್ತಿರವಾದಾಗ ವೇಗದಿಂದ ನಿಧಾನಕ್ಕೆ ಜಿಗಿಯುವುದು, ಆಮೇಲೆ ಬ್ರೇಕು ಕಚ್ಚುವುದು. ವೇಗದಿಂದ ನಿಧಾನಕ್ಕೆ ಬೀಳುವಾಗಿನ ಕುಲುಕೇ ನಡುವಿನ ಆ ಜರ್ಕು. ಇನ್ನು ಬ್ರೇಕು ಕಚ್ಚಿದ ಮೇಲೆ ಲಿಫ್ಟು ಎಷ್ಟು ಜಾರುತ್ತದೆ ಎಂಬುದು ಒಳಗೆ ಎಷ್ಟು ಜನ ಇದ್ದಾರೆ, ಬ್ರೇಕಿನ ಪಟ್ಟಿ ಎಷ್ಟು ಸವೆದಿದೆ ಎಂಬುದರ ಮೇಲೆ ಹೋಗುತ್ತದೆ. ಹಾಗಾಗಿ ಮೆಕ್ಯಾನಿಕ್ ಬಂದು ಸರಿ ಮಾಡಿ ಹೋದ ಮಾರನೆಯ ದಿನವೇ ನೆಲ ಮತ್ತೆ ಎರಡು ಬೆರಳು ಏರುಪೇರು. ತಪ್ಪು ಅವನದಲ್ಲ, ಪದ್ಧತಿಯದು.

ಸೂತ್ರವನ್ನು ಮತ್ತೊಮ್ಮೆ ನೋಡಿದರೆ ಮೂರನೆಯ ದಾರಿ ಕಾಣುತ್ತದೆ. ಧ್ರುವಗಳನ್ನು ಬಿಟ್ಟು ಆವೃತ್ತಿಯನ್ನೇ ಬದಲಾಯಿಸಿದರೆ? 25 ಹರ್ಟ್ಸ್ ಕೊಟ್ಟರೆ 750 ಸುತ್ತು, 5 ಹರ್ಟ್ಸ್ ಕೊಟ್ಟರೆ 150. ಎಲ್ಲಿ ಬೇಕೋ ಅಲ್ಲಿ, ಮೆಟ್ಟಿಲಿಲ್ಲದ ಇಳಿಜಾರಿನಂತೆ. ತತ್ವ ನೂರು ವರ್ಷಕ್ಕೂ ಹಳೆಯದು. ಆದರೆ ಸರಬರಾಜಿನ 50 ಹರ್ಟ್ಸನ್ನು ಬೇಕಾದಂತೆ ಬದಲಿಸಿ ಕೊಡುವ ಸಾಧನ ಅಗ್ಗವಾಗಿ ಸಿಗಲು ಅರೆವಾಹಕಗಳ ಯುಗವೇ ಬರಬೇಕಾಯಿತು.

ಡ್ರೈವ್ ಈ ಕೆಲಸವನ್ನು ಮೂರು ಹಂತದಲ್ಲಿ ಮಾಡುತ್ತದೆ. ಮೊದಲು ಡಯೋಡುಗಳ ಸೇತುವೆ 415 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಎರಡನೆಯದಾಗಿ ದಪ್ಪ ಕೆಪಾಸಿಟರುಗಳು ಅದರ ಏರಿಳಿತವನ್ನು ನುಂಗಿ ಸಮತಟ್ಟು ಮಾಡುತ್ತವೆ. 415ನ್ನು ಎರಡರ ವರ್ಗಮೂಲದಿಂದ ಗುಣಿಸಿ ನೋಡಿ, ಸುಮಾರು 587. ಅಲ್ಲಿ ಸಂಗ್ರಹವಾಗುವ ನೇರ ವಿದ್ಯುತ್ತಿನ ಒತ್ತಡ ಅದಕ್ಕೆ ಹತ್ತಿರ. ಮೂರನೆಯ ಹಂತದಲ್ಲಿ ಆರು ಸ್ವಿಚ್ಚುಗಳು ಈ ನೇರ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಕಡಿದು ಮೋಟಾರಿಗೆ ಕಳಿಸುತ್ತವೆ.

ಕಡಿದ ತುಂಡುಗಳು ಅಲೆಯಾಗುವುದು ಹೇಗೆ? ನಲ್ಲಿಯ ಕೆಳಗೆ ತಳದಲ್ಲಿ ತೂತಿರುವ ಬಕೆಟ್ಟನ್ನು ಇಟ್ಟು, ನಲ್ಲಿಯನ್ನು ಪೂರ್ತಿ ತೆರೆಯುವುದು, ಪೂರ್ತಿ ಮುಚ್ಚುವುದು ಎಂದು ಬೇಗ ಬೇಗ ಮಾಡಿದರೆ ತೂತಿನಿಂದ ಹೊರಬರುವ ನೀರು ಕಡಿದು ಬರುವುದಿಲ್ಲ, ಒಂದೇ ಸಮನೆ ಹರಿಯುತ್ತದೆ. ತೆರೆದ ಹೊತ್ತು ಹೆಚ್ಚಿದ್ದರೆ ಹರಿವು ಜೋರು, ಕಡಿಮೆಯಿದ್ದರೆ ಸಣ್ಣ. ಮೋಟಾರಿನ ಸುರುಳಿ ಇಲ್ಲಿ ಬಕೆಟ್ಟು. ಥಟ್ಟನೆ ಏರುವ ಇಳಿಯುವ ಕರೆಂಟನ್ನು ಸುರುಳಿ ಒಪ್ಪುವುದಿಲ್ಲ ಎಂಬುದು ಸ್ವಪ್ರೇರಣೆಯ ಪಾಠದಲ್ಲೇ ಇದೆ. ತುಂಡುಗಳ ಅಗಲವನ್ನು ಕ್ರಮವಾಗಿ ಹಿಗ್ಗಿಸಿ ಕುಗ್ಗಿಸಿದರೆ ಸುರುಳಿಯಲ್ಲಿ ಹರಿಯುವುದು ಬೇಕಾದ ಆವೃತ್ತಿಯ ನುಣುಪು ಅಲೆ. ಲಿಫ್ಟು ಹೊರಡುವಾಗ ಕೆಲವು ಕಟ್ಟಡಗಳಲ್ಲಿ ಸಣ್ಣಗೆ ಕೇಳುವ ಕುಂಯ್ ಎಂಬ ಸದ್ದು ಈ ಕಡಿಯುವಿಕೆಯದೇ.

ಆ ಸ್ವಿಚ್ಚಿನ ಹೆಸರು ಐ.ಜಿ.ಬಿ.ಟಿ. ಅದರ ಹಿಂದೆ ಕನ್ನಡಿಗರು ತಿಳಿದಿರಬೇಕಾದ ಹೆಸರೊಂದಿದೆ. ದಕ್ಷಿಣ ಕನ್ನಡದ ಊರನ್ನು ಹೆಸರಿನಲ್ಲೇ ಹೊತ್ತ ಬಂಟ್ವಾಳ ಜಯಂತ ಬಾಳಿಗ 1948ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದು, ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಓದಿದವರು. 1969ರಲ್ಲಿ ಮದ್ರಾಸಿನ ಐ.ಐ.ಟಿ.ಯಿಂದ ಪದವಿ ಪಡೆದು ಅಮೆರಿಕಕ್ಕೆ ಹೋದರು. 1980ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ ಈ ಸ್ವಿಚ್ಚನ್ನು ರೂಪಿಸಿ ತಯಾರಿಕೆಗೆ ತಂದರು. ಅಲ್ಲಿ ಬೇಕಾಗಿದ್ದುದೂ ಮೋಟಾರಿನ ವೇಗವನ್ನು ಬದಲಿಸುವ ಅಗ್ಗದ ಸಾಧನವೇ. ಸಣ್ಣ ಟ್ರಾನ್ಸಿಸ್ಟರಿನಂತೆ ಸುಲಭವಾಗಿ ಆಜ್ಞೆಗೆ ಬಗ್ಗಬೇಕು, ದೊಡ್ಡ ಕರೆಂಟನ್ನೂ ತಡೆದುಕೊಳ್ಳಬೇಕು. ಎರಡನ್ನೂ ಒಂದೇ ಸಿಲಿಕಾನ್ ಬಿಲ್ಲೆಯಲ್ಲಿ ಕೂಡಿಸಿದ್ದು ಅದರ ಹೆಚ್ಚುಗಾರಿಕೆ. ಇವತ್ತು ವಿದ್ಯುತ್ ರೈಲು, ಎಲೆಕ್ಟ್ರಿಕ್ ಕಾರು, ಗಾಳಿಯಂತ್ರಗಳಲ್ಲೂ ಅದೇ ಇದೆ. 2024ರಲ್ಲಿ ಫಿನ್ಲೆಂಡಿನ ಮಿಲೆನಿಯಮ್ ತಂತ್ರಜ್ಞಾನ ಪ್ರಶಸ್ತಿ ಬಾಳಿಗರಿಗೆ ಸಂದಿತು. ಕ್ರಿಕೆಟ್ಟಿನ ಸ್ಕೋರಿನಷ್ಟು ಜಾಗ ಆ ಸುದ್ದಿಗೆ ಸಿಗಲಿಲ್ಲ.

ಆವೃತ್ತಿಯನ್ನು ಇಳಿಸಿದರಷ್ಟೇ ಸಾಲದು, ಒತ್ತಡವನ್ನೂ ಜೊತೆಗೆ ಇಳಿಸಬೇಕು. ಮೋಟಾರಿನ ಕಬ್ಬಿಣದಲ್ಲಿರುವ ಕಾಂತತೆ ಒತ್ತಡವನ್ನು ಆವೃತ್ತಿಯಿಂದ ಭಾಗಿಸಿದಷ್ಟು. 415 ವೋಲ್ಟಿಗೆ 50 ಹರ್ಟ್ಸ್ ಎಂದರೆ ಹರ್ಟ್ಸಿಗೆ 8.3 ವೋಲ್ಟು. ಈ ಪ್ರಮಾಣ ಕಾಯ್ದುಕೊಂಡರೆ 25 ಹರ್ಟ್ಸಿಗೆ ಸುಮಾರು 207 ವೋಲ್ಟು, 5 ಹರ್ಟ್ಸಿಗೆ 41. ಒತ್ತಡವನ್ನು 415ರಲ್ಲೇ ಬಿಟ್ಟು ಆವೃತ್ತಿಯನ್ನು ಮಾತ್ರ ಇಳಿಸಿದರೆ ಕಬ್ಬಿಣ ಕಾಂತತೆಯಿಂದ ತುಂಬಿ ತುಳುಕಿ, ಕರೆಂಟು ಮಿತಿಮೀರಿ, ಸುರುಳಿ ಸುಟ್ಟುಹೋಗುತ್ತದೆ. ತೀರ ಕೆಳಗಿನ ಆವೃತ್ತಿಯಲ್ಲಿ ಸುರುಳಿಯ ರೋಧವೇ ಒತ್ತಡದ ದೊಡ್ಡ ಪಾಲನ್ನು ತಿನ್ನುವುದರಿಂದ ಅಲ್ಲಿ ಒಂದಷ್ಟು ಹೆಚ್ಚಿಗೆ ಕೊಡಬೇಕು. ಇದು ಸರಳ ಪದ್ಧತಿ. 1970ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಇನ್ನೂ ಸೂಕ್ಷ್ಮವಾದ ವೆಕ್ಟರ್ ನಿಯಂತ್ರಣ ರೂಪುಗೊಂಡಿತು. ಕಾಂತತೆಗೆ ಎಷ್ಟು ಕರೆಂಟು, ತಿರುಚುಬಲಕ್ಕೆ ಎಷ್ಟು ಎಂದು ಗಣಿತದಿಂದ ಬೇರೆ ಮಾಡಿ ಎರಡನ್ನೂ ಪ್ರತ್ಯೇಕವಾಗಿ ಹಿಡಿಯುವ ಬಗೆ ಅದು. ಈಗಿನ ಲಿಫ್ಟ್ ಡ್ರೈವುಗಳಲ್ಲಿ ಅದೇ ಹೆಚ್ಚು.

ಇಷ್ಟಾದ ಮೇಲೆ ಓಟವನ್ನು ಬೇಕಾದಂತೆ ತಿದ್ದಬಹುದು. ವೇಗವನ್ನು ನೇರ ಗೆರೆಯಲ್ಲಿ ಏರಿಸದೆ, ಆರಂಭದಲ್ಲೂ ಕೊನೆಯಲ್ಲೂ ಬಾಗಿದ ಗೆರೆಯಲ್ಲಿ ಏರಿಸುತ್ತಾರೆ. ಸೆಕೆಂಡಿಗೆ 1 ಮೀಟರ್ ವೇಗದ ಲಿಫ್ಟು ಎರಡು ಸೆಕೆಂಡಿನಲ್ಲಿ ಪೂರ್ಣ ವೇಗಕ್ಕೆ ಬಂದರೆ ಅಷ್ಟರಲ್ಲಿ ಸಾಗುವ ದೂರ 1 ಮೀಟರ್. ನಿಲ್ಲಲು ಇನ್ನೊಂದು ಮೀಟರ್. ಮೂರು ಮೀಟರಿನ ಒಂದು ಮಹಡಿಗೆ ಹೀಗೆ ಐದು ಸೆಕೆಂಡು. ವೇಗ ಸೊನ್ನೆಯಾದ ಮೇಲೆಯೇ ಬ್ರೇಕು ಹಿಡಿಯುತ್ತದೆ. ಓಡುವ ಲಿಫ್ಟನ್ನು ನಿಲ್ಲಿಸುವ ಕೆಲಸ ಬ್ರೇಕಿಗೆ ತಪ್ಪಿ, ನಿಂತದ್ದನ್ನು ಹಿಡಿದಿಡುವ ಕೆಲಸ ಮಾತ್ರ ಉಳಿಯುವುದರಿಂದ ಅದರ ಪಟ್ಟಿಯೂ ಬಾಳಿಕೆ ಬರುತ್ತದೆ. ನೆಲ ಮಟ್ಟಸವಾಗಿ ನಿಲ್ಲುತ್ತದೆ. ಹಳೆಯ ಕಟ್ಟಡದಲ್ಲಿ ಡ್ರೈವ್ ಹಾಕಿಸಲು ನಿಜವಾದ ಕಾರಣ ಯಾವುದೆಂದು ಕೇಳಿದರೆ ಇದೇ. ಕರೆಂಟಿನ ಉಳಿತಾಯವಲ್ಲ.

ಉಳಿತಾಯದ ಮಾತನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡಬೇಕು, ಏಕೆಂದರೆ ಮಾರಾಟದವರು ಮೊದಲು ಹೇಳುವುದು ಅದನ್ನೇ. 5 ಕಿಲೋವ್ಯಾಟಿನ ಮೋಟಾರು ದಿನಕ್ಕೆ ಒಟ್ಟು ಒಂದು ಗಂಟೆ ಪೂರ್ಣಭಾರದಲ್ಲಿ ಓಡಿತು ಎಂದಿಟ್ಟುಕೊಳ್ಳಿ. ಐದು ಅಂತಸ್ತಿನ ಮನೆಗಳ ಕಟ್ಟಡಕ್ಕೆ ಇದು ಧಾರಾಳದ ಅಂದಾಜು. ದಿನಕ್ಕೆ 5 ಯೂನಿಟ್, ತಿಂಗಳಿಗೆ 150. ಅದರಲ್ಲಿ ಮೂರನೆಯ ಒಂದು ಭಾಗ ಉಳಿದರೂ 50 ಯೂನಿಟ್. ಅದೇ ಲಿಫ್ಟಿನ ದೀಪ, ಫ್ಯಾನು, ಕಂಟ್ರೋಲ್ ಪ್ಯಾನೆಲ್ ಸೇರಿ ಹಗಲೂ ರಾತ್ರಿ 150 ವ್ಯಾಟ್ ಎಳೆಯುತ್ತಿದ್ದರೆ ತಿಂಗಳಿಗೆ 108 ಯೂನಿಟ್! ಲಿಫ್ಟು ಖಾಲಿ ನಿಂತಾಗ ದೀಪ, ಫ್ಯಾನು ತಾವಾಗಿ ಆರುವಂತೆ ಮಾಡಿಸುವುದು ಎಷ್ಟೋ ಅಗ್ಗದ ಉಳಿತಾಯ.

ಮುಂದಿನ ವಿಷಯಕ್ಕೆ ಹೋಗುವ ಮೊದಲು ಏತವನ್ನು ನೆನಪಿಸಿಕೊಳ್ಳಬೇಕು. ಹಳ್ಳಿಯ ಬಾವಿಗಳಲ್ಲಿ ಏತದ ಹಿಂತುದಿಗೆ ಕಲ್ಲು ಕಟ್ಟುತ್ತಿದ್ದರು. ತುಂಬಿದ ಕೊಡ ಮೇಲೆ ಬರುವಾಗ ಕಲ್ಲಿನ ಭಾರವೇ ಎಳೆಯಲು ನೆರವಾಗುತ್ತಿತ್ತು. ಖಾಲಿ ಕೊಡವನ್ನು ಇಳಿಸುವಾಗ ಮಾತ್ರ ಮನುಷ್ಯ ಜಗ್ಗಬೇಕಿತ್ತು. ಲಿಫ್ಟಿನಲ್ಲೂ ಹಗ್ಗದ ಇನ್ನೊಂದು ತುದಿಯಲ್ಲಿ ಇಂಥದೇ ಕಲ್ಲಿದೆ, ಎರಕದ ಕಬ್ಬಿಣದ ಅಥವಾ ಕಾಂಕ್ರೀಟಿನ ಬಿಲ್ಲೆಗಳ ರೂಪದಲ್ಲಿ. ಅದರ ತೂಕ ಲಿಫ್ಟಿನ ಗೂಡಿನ ತೂಕ ಮತ್ತು ಅದು ಹೊರಬಹುದಾದ ಭಾರದ ಸುಮಾರು ಅರ್ಧ. ಎಂಟು ಜನರ ಲಿಫ್ಟಿನಲ್ಲಿ '544 ಕೆ.ಜಿ.' ಎಂಬ ಫಲಕ ಇರುತ್ತದೆ. ಒಬ್ಬರಿಗೆ 68 ಕೆ.ಜಿ.ಯಂತೆ ಹಾಕಿದ ಲೆಕ್ಕ ಅದು. ಅದರಲ್ಲಿ ಅರ್ಧ 272. ಹಾಗಾಗಿ ಮೋಟಾರು ಎತ್ತುವುದು ಹೆಚ್ಚೆಂದರೆ 272 ಕೆ.ಜಿ.ಯ ವ್ಯತ್ಯಾಸವನ್ನು ಮಾತ್ರ. ಸೆಕೆಂಡಿಗೆ 1 ಮೀಟರ್ ವೇಗವಾದರೆ 272ನ್ನು 9.8ರಿಂದ ಗುಣಿಸಿ, ಸುಮಾರು 2,670 ವ್ಯಾಟ್. ವರ್ಮ್ ಗೇರಿನಲ್ಲಿ ಅರ್ಧದಷ್ಟು ಶಕ್ತಿ ಘರ್ಷಣೆಗೆ ಹೋಗುವುದರಿಂದ ಐದು, ಐದೂವರೆ ಕಿಲೋವ್ಯಾಟಿನ ಮೋಟಾರು ಬೇಕಾಗುತ್ತದೆ.

ಈಗ ಒಂದು ವಿಚಿತ್ರ. ಖಾಲಿ ಲಿಫ್ಟು ಮೇಲೆ ಹೋಗುವಾಗ ಆಚೆಯ ಭಾರವೇ ಹೆಚ್ಚು. ಅದು ತಾನಾಗಿ ಕೆಳಗೆ ಬೀಳಲು ನೋಡುತ್ತದೆ. ಮೋಟಾರು ಎಳೆಯುವ ಬದಲು ತಡೆಯಬೇಕು. ತುಂಬಿದ ಲಿಫ್ಟು ಕೆಳಗೆ ಬರುವಾಗಲೂ ಹೀಗೆಯೇ. ಆಗ ಮೋಟಾರು ಜನರೇಟರಾಗಿ ವಿದ್ಯುತ್ತನ್ನು ಡ್ರೈವಿಗೆ ವಾಪಸು ತಳ್ಳುತ್ತದೆ. ಡಯೋಡುಗಳು ಅದನ್ನು ಲೈನಿಗೆ ಹೋಗಲು ಬಿಡುವುದಿಲ್ಲ. ಕೆಪಾಸಿಟರಿನ ಒತ್ತಡ ಏರತೊಡಗುತ್ತದೆ. ಹಾಗೇ ಬಿಟ್ಟರೆ ಡ್ರೈವ್ ತನ್ನನ್ನು ಉಳಿಸಿಕೊಳ್ಳಲು ಟ್ರಿಪ್ ಆಗುತ್ತದೆ. ಇದನ್ನು ತಪ್ಪಿಸಲು ಹೆಚ್ಚಾದ ವಿದ್ಯುತ್ತನ್ನು ಒಂದು ದೊಡ್ಡ ರೋಧಕದಲ್ಲಿ ಸುಟ್ಟುಬಿಡುತ್ತಾರೆ. ಮೆಷಿನ್ ರೂಮಿನಲ್ಲಿ ಜಾಲರಿ ಪೆಟ್ಟಿಗೆಯೊಳಗೆ ಬಿಸಿಯಾಗಿ ಕೂತಿರುವ ಬ್ರೇಕಿಂಗ್ ರೆಸಿಸ್ಟರ್ ಅದೇ.

ಸುಡುವುದೇಕೆ, ಲೈನಿಗೇ ಹಿಂತಿರುಗಿಸಬಾರದೆ ಎಂದು ಚುರುಕು ಹುಡುಗರು ಕೇಳುತ್ತಾರೆ. ಹಿಂತಿರುಗಿಸುವ ಡ್ರೈವುಗಳೂ ಇವೆ, ಬೆಲೆ ಹೆಚ್ಚು. ಲಾಭ ಎಷ್ಟು? ತುಂಬಿದ ಲಿಫ್ಟು 12 ಮೀಟರ್ ಇಳಿದರೆ 272 ಗುಣಿಸು 9.8 ಗುಣಿಸು 12, ಸುಮಾರು 32,000 ಜೂಲು. ಒಂದು ಯೂನಿಟ್ಟಿಗೆ 36 ಲಕ್ಷ ಜೂಲು. ಅಂದರೆ ಯೂನಿಟ್ಟಿನ ನೂರನೆಯ ಒಂದು ಭಾಗವೂ ಇಲ್ಲ. ಅದರಲ್ಲೂ ಅರ್ಧ ಗೇರಿನ ಪಾಲು. ಇಪ್ಪತ್ತು ಮೂವತ್ತು ಅಂತಸ್ತಿನ, ಬೆಳಗಿನಿಂದ ಸಂಜೆಯವರೆಗೆ ಜನ ಹತ್ತಿಳಿಯುವ ಕಚೇರಿ ಕಟ್ಟಡದಲ್ಲಿ, ಗೇರಿಲ್ಲದ ಯಂತ್ರವಿದ್ದರೆ ಈ ಡ್ರೈವಿಗೆ ಅರ್ಥವಿದೆ. ಐದು ಅಂತಸ್ತಿನ ಫ್ಲಾಟುಗಳಿಗೆ ಇದನ್ನು ಹೊರಿಸಲು ಬರುವವರಿಗೆ ಈ ಲೆಕ್ಕವನ್ನು ತೋರಿಸಬಹುದು.

ಹಾಗಾದರೆ ಆಯ್ಕೆ ಹೇಗೆ? ಮೊದಲ ಪ್ರಶ್ನೆ ಮೋಟಾರಿನ ಮೇಲಿರುವ ತಗಡಿನ ಫಲಕದ್ದು. ಎಷ್ಟು ಅಶ್ವಶಕ್ತಿ ಎಂಬುದಕ್ಕಿಂತ ಎಷ್ಟು ಆಂಪಿಯರ್ ಎಂದು ನೋಡಬೇಕು. ಒಂದೇ ಅಶ್ವಶಕ್ತಿಯ ಎರಡು ಮೋಟಾರುಗಳು, ಅದರಲ್ಲೂ ಹಳೆಯ ಲಿಫ್ಟ್ ಮೋಟಾರುಗಳು, ಬೇರೆ ಬೇರೆ ಕರೆಂಟು ಎಳೆಯುತ್ತವೆ. ಡ್ರೈವ್ ಸೋಲುವುದು ಕರೆಂಟಿಗೆ, ಅಶ್ವಶಕ್ತಿಗಲ್ಲ. ಜೊತೆಗೆ ಲಿಫ್ಟು ದಿನಕ್ಕೆ ನೂರಾರು ಬಾರಿ ಹೊರಡುವ ಯಂತ್ರ. ಹೊರಡುವ ಆ ಒಂದೆರಡು ಸೆಕೆಂಡಿನಲ್ಲಿ ಒಂದೂವರೆಯಿಂದ ಎರಡು ಪಟ್ಟು ಕರೆಂಟು ಕೊಡುವ ಶಕ್ತಿ ಡ್ರೈವಿಗೆ ಬೇಕು. ಪಂಪಿಗೂ ಫ್ಯಾನಿಗೂ ಮಾಡಿದ ಡ್ರೈವನ್ನು ಅಗ್ಗವೆಂದು ತಂದು ಲಿಫ್ಟಿಗೆ ಕೂರಿಸಿದರೆ ಬೇಸಿಗೆಯ ಮೊದಲ ವಾರದಲ್ಲೇ ಟ್ರಿಪ್ ಆಗತೊಡಗುತ್ತದೆ. ಸಂಶಯವಿದ್ದರೆ ಒಂದು ಅಳತೆ ದೊಡ್ಡದನ್ನೇ ಹಾಕಿಸುವುದು ಒಳ್ಳೆಯದು.

ಎರಡನೆಯದು ಬ್ರೇಕಿನ ಹೊಂದಾಣಿಕೆ. ಆಗುಂಬೆ ಘಾಟಿಯ ಏರಿನಲ್ಲಿ ನಿಂತ ಬಸ್ಸನ್ನು ಹೊರಡಿಸುವ ಡ್ರೈವರು ಎಂಜಿನ್ನಿಗೆ ಬಲ ಬಂದ ಮೇಲೆಯೇ ಹ್ಯಾಂಡ್ ಬ್ರೇಕನ್ನು ಬಿಡುತ್ತಾನೆ. ಇಲ್ಲವಾದರೆ ಬಸ್ಸು ಹಿಂದಕ್ಕೆ ಜಾರುತ್ತದೆ. ಲಿಫ್ಟಿಗಾಗಿಯೇ ಮಾಡಿದ ಡ್ರೈವ್ ಕೂಡ ಮೊದಲು ಮೋಟಾರಿನಲ್ಲಿ ಬಲ ತುಂಬಿ, ಆಮೇಲೆ ಬ್ರೇಕು ತೆರೆಯಲು ಆಜ್ಞೆ ಕೊಡುತ್ತದೆ. ನಿಲ್ಲುವಾಗ ಇದರ ತಿರುಗುಮುರುಗು. ಸಾಮಾನ್ಯ ಡ್ರೈವುಗಳಲ್ಲಿ ಈ ಕ್ರಮವನ್ನು ಹೊರಗಿನಿಂದ ಹೊಂದಿಸಬೇಕಾಗುತ್ತದೆ, ಹೊಂದಿಸುವವನು ನುರಿತವನಾಗಿರಬೇಕು.

ಎನ್ಕೋಡರ್ ಬೇಕೇ ಬೇಡವೇ ಎಂಬುದು ಇನ್ನೊಂದು ಚರ್ಚೆ. ಮೋಟಾರಿನ ಅಚ್ಚಿಗೆ ಜೋಡಿಸಿದ ಸಣ್ಣ ಬಿಲ್ಲೆ ಅದು, ಒಂದು ಸುತ್ತಿಗೆ ಸಾವಿರಕ್ಕೂ ಹೆಚ್ಚು ಮಿಡಿತ ಕಳಿಸಿ ಎಷ್ಟು ತಿರುಗಿತೆಂದು ಡ್ರೈವಿಗೆ ತಿಳಿಸುತ್ತದೆ. ಗೇರಿರುವ, ನಿಧಾನದ, ನಾಲ್ಕೈದು ಅಂತಸ್ತಿನ ಲಿಫ್ಟು ಅದಿಲ್ಲದೆಯೂ ಚೆನ್ನಾಗಿ ನಡೆಯುತ್ತದೆ. ವೇಗ ಸೆಕೆಂಡಿಗೆ 1 ಮೀಟರ್ ದಾಟಿದರೆ ಇರಲೇಬೇಕು. 1996ರಲ್ಲಿ ಫಿನ್ಲೆಂಡಿನ ಕೋನೆ ಕಂಪನಿ ಮೆಷಿನ್ ರೂಮೇ ಬೇಡದ ಲಿಫ್ಟನ್ನು ತಂದ ಮೇಲೆ ಹೆಚ್ಚು ಬಳಕೆಗೆ ಬಂದ, ಶಾಶ್ವತ ಕಾಂತದ ಗೇರಿಲ್ಲದ ಮೋಟಾರುಗಳಿಗೂ ಅದು ಬೇಕು. ಅಲ್ಲಿ ಕಾಂತ ಯಾವ ಕೋನದಲ್ಲಿದೆ ಎಂಬುದು ಗೊತ್ತಿಲ್ಲದೆ ಡ್ರೈವ್ ಸರಿಯಾಗಿ ಬಲ ಹಾಕಲಾರದು.

ಕರೆಂಟು ಹೋದಾಗ ಏನಾಗುತ್ತದೆ ಎಂದು ಕೇಳದೆ ಯಾರೂ ಸಹಿ ಹಾಕಬಾರದು. ಬ್ಯಾಟರಿಯಿಂದ ನಡೆದು, ಹಗುರವಾದ ದಿಕ್ಕನ್ನು ತಾನೇ ಆರಿಸಿಕೊಂಡು, ಹತ್ತಿರದ ಮಹಡಿಗೆ ಮೆಲ್ಲಗೆ ಹೋಗಿ ಬಾಗಿಲು ತೆರೆಯುವ ವ್ಯವಸ್ಥೆ ಈಗಿನ ಅನೇಕ ಡ್ರೈವುಗಳೊಂದಿಗೆ ಹೊಂದುತ್ತದೆ. ಹೊಂದದ ಡ್ರೈವನ್ನು ಕೊಂಡು ಆಮೇಲೆ ಪ್ರತ್ಯೇಕ ಪೆಟ್ಟಿಗೆ ತರುವುದು ದುಬಾರಿ. ಆ ವ್ಯವಸ್ಥೆ ಇಲ್ಲದ ಕಡೆ ಮಕ್ಕಳಿಗೆ ಹೇಳಿಕೊಡಬೇಕಾದದ್ದು ಒಂದೇ: ಎರಡು ಮಹಡಿಗಳ ನಡುವೆ ಲಿಫ್ಟು ನಿಂತರೆ ಅಲಾರಾಮು ಒತ್ತಿ ಕಾಯಬೇಕು. ಒಳಗೆ ಕುಳಿತವರಿಗೆ ಅಪಾಯ ಕಡಿಮೆ. ಬಾಗಿಲು ಎಳೆದು ನಡುವಿನಿಂದ ಹೊರಗೆ ಜಿಗಿಯಲು ಹೋದವರು ಲಿಫ್ಟಿನ ಕೆಳಗಿನ ಸಂದಿಯಿಂದ ಬಾವಿಗೆ ಬೀಳುತ್ತಾರೆ.

ಬಿಸಿಲಿನ ಮಾತೂ ಇದೆ. ನಮ್ಮ ಮೆಷಿನ್ ರೂಮುಗಳು ತಾರಸಿಯ ಮೇಲೆ ಕಾಯುವ ಗೂಡುಗಳು. ಹೆಚ್ಚಿನ ಡ್ರೈವುಗಳ ಪೂರ್ಣಶಕ್ತಿಯ ಲೆಕ್ಕ 40 ಡಿಗ್ರಿಯವರೆಗೆ. ಅದರ ಮೇಲೆ ಶಕ್ತಿಯನ್ನು ತಗ್ಗಿಸಿ ಹಿಡಿಯಬೇಕು. ಒಳಗಿನ ಕೆಪಾಸಿಟರಿನ ಉಷ್ಣತೆ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಒಂದು ಎಕ್ಸಾಸ್ಟ್ ಫ್ಯಾನು, ಬಿಸಿ ರೆಸಿಸ್ಟರನ್ನು ಪ್ಯಾನೆಲಿನ ಕೆಳಗಿಡದೆ ಪಕ್ಕಕ್ಕಿಡುವುದು, ಹಲ್ಲಿ ನುಗ್ಗದಂತೆ ಕೇಬಲಿನ ತೂತುಗಳನ್ನು ಮುಚ್ಚುವುದು. ಇವಕ್ಕೆ ಖರ್ಚು ಕಡಿಮೆ, ಮಾಡುವವರೂ ಕಡಿಮೆ. ಮೋಟಾರಿನ ಕೇಬಲು ಗಿಡ್ಡವಾಗಿ, ಲೋಹದ ಹೊದಿಕೆಯುಳ್ಳದ್ದಾಗಿ, ಅರ್ಥಿಂಗ್ ಸರಿಯಾಗಿ ಇರಬೇಕು. ಇಲ್ಲವಾದರೆ ಆ ಸಾವಿರಾರು ಕಡಿತಗಳ ಗದ್ದಲ ಸುತ್ತಲಿನ ತಂತಿಗಳಿಗೆ ಹರಡುತ್ತದೆ. ಹಳೆಯ ಮೋಟಾರಿನ ಸುರುಳಿಯ ನಿರೋಧಕ ಪದರವನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು, ಡ್ರೈವಿನ ಚೂಪು ಮಿಡಿತಗಳನ್ನು ಅದು ತಾಳದೆ ಹೋಗಬಹುದು. ಗೇರ್ ಬಾಕ್ಸು ಸವೆದಿದ್ದರೆ ಯಾವ ಡ್ರೈವೂ ಅದನ್ನು ಸರಿಮಾಡುವುದಿಲ್ಲ.

ಇದಕ್ಕಿಂತ ಮುಖ್ಯವಾದ ಮಾತು: ಡ್ರೈವ್ ಪ್ರಾಣರಕ್ಷಕ ಸಾಧನವಲ್ಲ. 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಎಲಿಷಾ ಓಟಿಸ್ ತಾನು ನಿಂತ ಕಟ್ಟೆಯ ಹಗ್ಗವನ್ನೇ ಕಡಿಸಿ ತೋರಿಸಿದ ಹಿಡಿತದ ಸಾಧನ, ವೇಗ ಮಿತಿಮೀರಿದರೆ ಅದನ್ನು ಎಬ್ಬಿಸುವ ಗವರ್ನರು, ಬಾವಿಯ ತಳದ ಬಫರು, ಲಿಫ್ಟು ಎದುರಿಗಿಲ್ಲದಾಗ ಮಹಡಿಯ ಬಾಗಿಲು ತೆರೆಯದಂತೆ ತಡೆಯುವ ಬೀಗ, ಬ್ರೇಕು: ಜೀವ ಕಾಯುವವು ಇವು. ಬಾಗಿಲ ಬೀಗ ಸಡಿಲವಾಗಿದ್ದು, ಮಕ್ಕಳ ಕೈ ತೂರುವಂಥ ಮಡಿಸುವ ಕಬ್ಬಿಣದ ಗೇಟು ಇನ್ನೂ ಇದ್ದು, ಸಂಘದ ಬಳಿ ಹಣ ಒಂದಕ್ಕೇ ಸಾಲುವಷ್ಟಿದ್ದರೆ ಮೊದಲು ಬಾಗಿಲು, ಆಮೇಲೆ ಡ್ರೈವ್. ನುಣುಪಾಗಿ ಓಡುವ ಲಿಫ್ಟು ನೋಡಿದವರಿಗೆ ಸುರಕ್ಷಿತವೆಂಬ ಭ್ರಮೆ ಬರುವುದು ಸಹಜ. ಕರ್ನಾಟಕದಲ್ಲಿ 2012ರ ಲಿಫ್ಟು, ಎಸ್ಕಲೇಟರುಗಳ ಕಾಯಿದೆಯಂತೆ ಪರವಾನಗಿ ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ. ದೊಡ್ಡ ಬದಲಾವಣೆಗೆ ಮುನ್ನ ಅಲ್ಲಿ ವಿಚಾರಿಸಿಕೊಂಡರೆ ಆಮೇಲಿನ ಅಲೆದಾಟ ತಪ್ಪುತ್ತದೆ.

ಡ್ರೈವಿನ ಮುಚ್ಚಳ ತೆರೆದು ನೋಡುವ ಕುತೂಹಲ ಪಾಲಿಟೆಕ್ನಿಕ್, ಐ.ಟಿ.ಐ. ಹುಡುಗರಿಗೆ ಇರಬಹುದು. ಮೇನ್ ಸ್ವಿಚ್ಚು ತೆಗೆದ ಮೇಲೂ ಆ ಕೆಪಾಸಿಟರುಗಳಲ್ಲಿ ಐನೂರಕ್ಕೂ ಹೆಚ್ಚು ವೋಲ್ಟಿನ ನೇರ ವಿದ್ಯುತ್ತು ಹಲವು ನಿಮಿಷ ಉಳಿದಿರುತ್ತದೆ. ಪೆಟ್ಟಿಗೆಯ ಮೇಲೆ ಬರೆದಷ್ಟು ಹೊತ್ತು ಕಾದು, ಮೀಟರಿನಿಂದ ಅಳೆದು, ಗುರುಗಳು ಪಕ್ಕದಲ್ಲಿರುವಾಗ ಮಾತ್ರ ಮುಟ್ಟತಕ್ಕದ್ದು.

ಕೊನೆಯದಾಗಿ ಕಾಗದಪತ್ರ. ಪ್ರತಿಯೊಂದು ಡ್ರೈವಿಗೂ ನೂರಾರು ಹೊಂದಿಕೆಗಳಿರುತ್ತವೆ: ಎಷ್ಟು ಸೆಕೆಂಡಿನಲ್ಲಿ ಏರಬೇಕು, ಎಲ್ಲಿ ಬಾಗಬೇಕು, ಬ್ರೇಕು ಯಾವಾಗ ತೆರೆಯಬೇಕು. ಅವನ್ನು ಪಾಸ್‌ವರ್ಡಿನಿಂದ ಮುಚ್ಚಿಡುವ ಕಂಪನಿಗಳಿವೆ. ಮುಂದೆ ನಿರ್ವಹಣೆಯ ಗುತ್ತಿಗೆ ಬದಲಾಯಿಸಲು ಹೋದಾಗ ಹೊಸಬರು, 'ಇದನ್ನು ಮುಟ್ಟಲು ಬರುವುದಿಲ್ಲ, ಡ್ರೈವನ್ನೇ ಬದಲಾಯಿಸಿ' ಎನ್ನುತ್ತಾರೆ. ಆದ್ದರಿಂದ ಹೊಂದಿಕೆಗಳ ಪಟ್ಟಿ, ಪಾಸ್‌ವರ್ಡು, ವೈರಿಂಗ್ ನಕ್ಷೆ, ಡ್ರೈವಿನ ಮಾದರಿ ಸಂಖ್ಯೆ ಇಷ್ಟನ್ನೂ ಸಂಘಕ್ಕೆ ಒಪ್ಪಿಸಬೇಕೆಂದು ಆರ್ಡರಿನಲ್ಲೇ ಬರೆಸಿ, ಅವು ಕೈಗೆ ಬಂದ ಮೇಲೆ ಕೊನೆಯ ಕಂತಿನ ಚೆಕ್ಕು ಕೊಡತಕ್ಕದ್ದು.